ನರ್ಸಿಂಗ್‌ಗೆ ಬರಬೇಕು ಅಂತ ನಿಮಗೆ ಅನ್ನಿಸಿದ್ದು ಏನು ನೋಡಿ?

ಶಿರಾದ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಈ ವರ್ಷ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಬಿ.ಎಸ್ಸಿ. ನರ್ಸಿಂಗೇ ಬೇಕು ಅಂತ ಪಟ್ಟು ಹಿಡಿದಿದ್ದಾಳೆ. ಅಪ್ಪನಿಗೆ ಸುತರಾಂ ಇಷ್ಟವಿಲ್ಲ. "ಕಂಡವರ ಗಲೀಜು ಬಳಿಯೋ ಕೆಲಸ, ರಾತ್ರಿ ಪಾಳಿ ಬೇರೆ. ನಾಳೆ ಗಂಡು ಹುಡುಕೋದು ಹೇಗೆ?" ಅನ್ನುತ್ತಾರೆ.

ತಂಗಿ ಹೇಳುವ ಕಾರಣ ಒಂದೇ. ಹೋದ ವರ್ಷ ಅಜ್ಜಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಆಸ್ಪತ್ರೆಗೆ ಸೇರಿಸಿದ್ದೆವು. ಜೊತೆಗೆ ಇದ್ದವಳು ಇವಳೇ. ನಾವೆಲ್ಲ ವಾಸನೆಗೆ ದೂರ ನಿಲ್ಲುತ್ತಿದ್ದೆವು. ಒಬ್ಬರು ಸಿಸ್ಟರ್ ಮಾತ್ರ ಹತ್ತಿರ ಬಗ್ಗಿ, ಹುಣ್ಣಿನ ಅಂಚು ಕೆಂಪಗಿದೆಯಾ, ಕಪ್ಪಗಾಗಿದೆಯಾ, ನಿನ್ನೆಗಿಂತ ಆಳ ಆಗಿದೆಯಾ ಅಂತ ನೋಡುತ್ತಿದ್ದರಂತೆ. ಮನೆಗೆ ಹೋದ ಮೇಲೆ ಅಂಗಾಲು ನೋಡಿಕೊಳ್ಳೋಕೆ ಒಂದು ಚಿಕ್ಕ ಕನ್ನಡಿ ಇಟ್ಟುಕೊಳ್ಳಿ ಅಂತ ಅಜ್ಜಿಗೆ ಹೇಳಿಕೊಟ್ಟರಂತೆ. "ನಂಗೂ ಹಾಗೆ ನೋಡೋಕೆ ಬರಬೇಕು" ಅನ್ನುತ್ತಾಳೆ ತಂಗಿ.

ಇಷ್ಟನ್ನು ನಂಬಿಕೊಂಡು ಜೀವನಪೂರ್ತಿ ಮಾಡುವ ಕೆಲಸ ಆರಿಸಬಹುದಾ? ಈ ಕೆಲಸದಲ್ಲಿ ಇರುವವರು ದಯವಿಟ್ಟು ನಿಮ್ಮ ಅನುಭವ ಹೇಳಿ. ಅಪ್ಪನಿಗೆ ಓದಿ ಹೇಳಬೇಕು.

ಹುಬ್ಬಳ್ಳಿ ಬ್ರದರ್

ತಂಗಿಯ ಕಾರಣ ಚಿಕ್ಕದೇನಲ್ಲ ಅಕ್ಕಾ. ನನ್ನದೂ ಹೆಚ್ಚುಕಡಿಮೆ ಅಂಥದ್ದೇ.

ನಮ್ಮಜ್ಜನಿಗೆ ಲಕ್ವ ಹೊಡೆದಾಗ ನಾನು ಪಿಯುಸಿಯಲ್ಲಿದ್ದೆ. ಆಸ್ಪತ್ರೆಗೆ ಊರಿಂದ ಬಂದವರೆಲ್ಲ ಅಜ್ಜನ ಬಾಯಿಗೆ ಒಂದು ಗುಟುಕು ಗಂಜಿ ಹಾಕೋಕೆ ನೋಡುತ್ತಿದ್ದರು, ಪ್ರೀತಿಯಿಂದಲೇ. ನರ್ಸ್ ಒಬ್ಬರು ಓಡಿ ಬಂದು ಲೋಟ ತಡೆದರು. ಬೈಯಲಿಲ್ಲ. ನಮ್ಮ ದೊಡ್ಡಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿದರು. ಲಕ್ವ ಹೊಡೆದವರಿಗೆ ನುಂಗುವ ಶಕ್ತಿ ಹೋಗಿರಬಹುದು. ಮಲಗಿದಲ್ಲೇ ಕುಡಿಸಿದರೆ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಆ ದಿನದವರೆಗೂ ನಮ್ಮ ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಆಮೇಲೆ ಅವರು ನನ್ನನ್ನು ಕರೆದು ಅಜ್ಜನನ್ನು ಮಗ್ಗುಲು ಬದಲಾಯಿಸುವುದು ಹೇಗೆ ಅಂತ ಕಲಿಸಿದರು. ಎಳೆಯಬಾರದು, ಎಳೆದರೆ ಚರ್ಮ ಸುಲಿಯುತ್ತದೆ. ಮೈ ಕೆಳಗಿನ ದುಪ್ಪಟಿಯನ್ನು ಇಬ್ಬರು ಹಿಡಿದು ಎತ್ತಬೇಕು. ನಮ್ಮಿಂದ ಆಚೆ ಕಡೆಯ ಮೊಣಕಾಲು ಮಡಚಿ, ಒಂದು ಕೈ ಹೆಗಲ ಮೇಲೆ, ಇನ್ನೊಂದು ಸೊಂಟದ ಮೇಲೆ ಇಟ್ಟು ತಿರುಗಿಸಬೇಕು. ಬೆನ್ನಿಗೆ ದಿಂಬು ಕೊಡಬೇಕು. ಮೀನಖಂಡದ ಕೆಳಗೆ ಇನ್ನೊಂದು ದಿಂಬು ಕೊಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗುವುದಿಲ್ಲ. ಎರಡು ಗಂಟೆಗೊಮ್ಮೆ ಇದನ್ನು ಮಾಡಬೇಕು, ಹಗಲೂ ರಾತ್ರಿಯೂ. ಹೊರಳಿಸಿದಾಗಲೆಲ್ಲ ಅವರು ಹಿಮ್ಮಡಿ, ಸೊಂಟ, ಕಿವಿಯ ಹಿಂಭಾಗ ಒತ್ತಿ ನೋಡುತ್ತಿದ್ದರು. ಕೆಂಪು ಬಣ್ಣ ಒತ್ತಿದ ಮೇಲೂ ಹಾಗೇ ಉಳಿದರೆ ಅಲ್ಲಿ ಹುಣ್ಣು ಶುರುವಾಗುತ್ತಿದೆ ಅಂತ ಲೆಕ್ಕ.

ಅಜ್ಜ ಉಳಿಯಲಿಲ್ಲ. ಆದರೆ ಅಷ್ಟು ದಿನ ಮಲಗಿದ್ದರೂ ಮೈ ಮೇಲೆ ಒಂದೇ ಒಂದು ಹಾಸಿಗೆ ಹುಣ್ಣು ಇರಲಿಲ್ಲ. ಸ್ನಾನ ಮಾಡಿಸುವಾಗ ಅದನ್ನು ನೋಡಿ ನಮ್ಮ ಅಪ್ಪ ಅತ್ತುಬಿಟ್ಟರು. ನಾನು ನರ್ಸಿಂಗ್ ಸೇರುತ್ತೇನೆ ಅಂದಾಗ "ಗಂಡು ಹುಡುಗ ನರ್ಸ್ ಆಗ್ತಾನಾ?" ಅಂತ ನೆಂಟರು ಕೇಳಿದ್ದರು. ಅವರಿಗೆ ಉತ್ತರ ಕೊಟ್ಟಿದ್ದು ಅಪ್ಪನೇ.

ಹೊನ್ನಾವರ ಕಡೆಯವಳು

"ಒಂದೇ ಒಂದು ಹಾಸಿಗೆ ಹುಣ್ಣು ಇರಲಿಲ್ಲ" ಅನ್ನೋ ಮಾತು ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮ ಹಳದೀಪುರದ ಅರುಣಾ ಶಾನಭಾಗ ಅವರ ವಿಷಯ ನಿಮಗೆಲ್ಲ ಗೊತ್ತಿರುತ್ತದೆ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯ ಒಬ್ಬ ಕೆಲಸಗಾರ ಅವರ ಮೇಲೆ ಹಲ್ಲೆ, ಅತ್ಯಾಚಾರ ಮಾಡಿದ. ಕುತ್ತಿಗೆಗೆ ಸರಪಳಿ ಬಿಗಿದಿದ್ದರಿಂದ ಮೆದುಳಿಗೆ ಪೆಟ್ಟಾಗಿ ಮತ್ತೆ ಮೊದಲಿನಂತಾಗಲೇ ಇಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, 40 ವರ್ಷಕ್ಕೂ ಜಾಸ್ತಿ ಕಾಲ ಅವರನ್ನು ನೋಡಿಕೊಂಡವರು ಆ ಆಸ್ಪತ್ರೆಯ ನರ್ಸ್‌ಗಳು. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ಬೇಡ ಅಂತ ನಿಂತವರೂ ಅವರೇ. ಅಷ್ಟು ವರ್ಷ ಮಲಗಿದ್ದರೂ ಮೈ ಮೇಲೆ ಒಂದೂ ಹಾಸಿಗೆ ಹುಣ್ಣು ಆಗಿಲ್ಲ ಅನ್ನೋದನ್ನು 2011ರ ತೀರ್ಪಿನಲ್ಲಿ ನ್ಯಾಯಾಲಯವೇ ಮೆಚ್ಚಿ ಬರೆದಿದೆ.

ಅವರು ತೀರಿಕೊಂಡಾಗ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮೂರ ಕಡೆ ಎಲ್ಲರ ಬಾಯಲ್ಲೂ ಅದೇ ಮಾತು. ಹೆಚ್ಚಿನವರಿಗೆ ಅವರಿಗಾದ ಅನ್ಯಾಯ ಕಣ್ಣಿಗೆ ಕಟ್ಟಿತು, ಅದು ಸಹಜವೇ. ನನ್ನನ್ನು ಹಿಡಿದಿಟ್ಟಿದ್ದು ಆ ನರ್ಸ್‌ಗಳು. ಕೊನೆಗಾಲದಲ್ಲಿ ನೋಡಿಕೊಂಡವರಲ್ಲಿ ಎಷ್ಟೋ ಮಂದಿ 1973ರಲ್ಲಿ ಹುಟ್ಟಿರಲೂ ಇಲ್ಲ. ಮಾತಾಡಿಸಿ ಗೊತ್ತಿಲ್ಲದ ಒಬ್ಬ ಹೆಂಗಸನ್ನು ಹಿಂದಿನವರು ಮುಂದಿನವರಿಗೆ ಒಪ್ಪಿಸುತ್ತಾ ಬಂದರು. ಈ ಕೆಲಸದಲ್ಲಿ ಇಷ್ಟು ಗಟ್ಟಿಯಾದದ್ದು ಏನೋ ಇದೆ ಅಂತ ಆಗ ಅನ್ನಿಸಿತು. ಅವರಿಗೆ ಆದದ್ದನ್ನು ನೆನೆದು ಅಮ್ಮ ತುಂಬಾ ಹೆದರಿದ್ದರು. ಅವರ ಹೆದರಿಕೆಯನ್ನು ನಾನು ತಪ್ಪು ಅನ್ನುವುದಿಲ್ಲ. ರಾತ್ರಿ ಪಾಳಿಯಲ್ಲಿ ಬಟ್ಟೆ ಬದಲಾಯಿಸುವ ಕೋಣೆಗೆ ಬೀಗ, ಬೆಳಕು, ಕಾವಲು ಇದೆಯಾ ಅಂತ ಈಗಲೂ ನಾನು ಕೇಳಿಯೇ ಕೆಲಸಕ್ಕೆ ಸೇರುವುದು.

ರಾಯಚೂರು ಹೈದ

ನಾನೂ ನರ್ಸ್. ಈ ಚರ್ಚೆಯಲ್ಲಿ ಒಂದು ಮಾತು ಹೇಳಲೇಬೇಕು. ಸೇವೆ, ತ್ಯಾಗ, ದೇವತೆ ಅಂತ ನಮ್ಮನ್ನು ಎತ್ತಿ ಕೂರಿಸುವವರೇ ಸಂಬಳದ ಮಾತು ಬಂದಾಗ "ಸೇವೆ ಮಾಡೋಕೆ ಬಂದವರು ದುಡ್ಡು ಕೇಳ್ತೀರಾ?" ಅನ್ನುತ್ತಾರೆ. ನನ್ನ ಮೊದಲ ಕೆಲಸದಲ್ಲಿ ಸಿಗುತ್ತಿದ್ದ ಸಂಬಳದಲ್ಲಿ ರೂಮಿನ ಬಾಡಿಗೆ, ಊಟ ಕಳೆದರೆ ಮನೆಗೆ ಕಳಿಸೋಕೆ ಏನೂ ಉಳಿಯುತ್ತಿರಲಿಲ್ಲ.

2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 50ಕ್ಕಿಂತ ಕಡಿಮೆ ಹಾಸಿಗೆ ಇರುವ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕು, 200ಕ್ಕಿಂತ ಜಾಸ್ತಿ ಹಾಸಿಗೆ ಇದ್ದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಅಂತ ಆ ಸಮಿತಿ ಶಿಫಾರಸು ಮಾಡಿತು. ತಂಗಿ ಇದನ್ನು ತಿಳಿದುಕೊಂಡೇ ಬರಲಿ. ಅಜ್ಜಿಯ ನೆನಪು ಒಳ್ಳೆಯದೇ. ಆದರೆ ಸಂದರ್ಶನದ ಮೇಜಿನ ಮುಂದೆ ಈ ಅಂಕಿಯೂ ಬಾಯಲ್ಲಿರಬೇಕು.

ನಿವೃತ್ತ ಟ್ಯೂಟರ್

ರಾಯಚೂರಿನ ತಮ್ಮ ಹೇಳಿದ್ದು ಪೂರ್ತಿ ಸರಿ. ನಾನು ವಾರ್ಡಿನಲ್ಲಿ ಕೆಲಸ ಮಾಡಿ, ಆಮೇಲೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಹೊಸ ಹುಡುಗಿಯರನ್ನು "ಯಾಕೆ ಬಂದೆ?" ಅಂತ ಕೇಳಿದರೆ ಬಹಳಷ್ಟು ಮಂದಿ "ಜನಸೇವೆ ಮಾಡಲು ಮಿಸ್" ಅಂತ ಒಂದೇ ಉಸಿರಿಗೆ ಹೇಳುತ್ತಿದ್ದರು. ಅದು ಯಾರೋ ಹೇಳಿಕೊಟ್ಟ ಉತ್ತರ. ನಾನು ಬಿಡುತ್ತಿರಲಿಲ್ಲ. "ಯಾರನ್ನ ನೋಡಿದೆ? ಅವರು ಏನು ಮಾಡ್ತಿದ್ರು?" ಅಂತ ಕೇಳುತ್ತಿದ್ದೆ. ಆಗ ನಿಜವಾದದ್ದು ಹೊರಗೆ ಬರುತ್ತಿತ್ತು. ಒಬ್ಬಳು ತನ್ನ ತಮ್ಮನ ಸುಟ್ಟ ಕೈಗೆ ಅಂಟಿದ್ದ ಗಾಜ್ ಬಟ್ಟೆಯನ್ನು ಸಲೈನ್ ಹಾಕಿ ನೆನೆಸಿ, ಕಾದು, ನೋವಾಗದ ಹಾಗೆ ಬಿಡಿಸಿದ ಸಿಸ್ಟರ್ ಬಗ್ಗೆ ಹೇಳಿದ್ದಳು. ಬೇರೆಯವರು ಸರಕ್ಕನೆ ಎಳೆಯುತ್ತಿದ್ದರಂತೆ.

ಶಿರಾದ ಹುಡುಗಿ ಅಂಥವಳು. ಅವಳು ಕಂಡಿದ್ದು ಒಂದು ಕೌಶಲವನ್ನು. ಕರುಣೆ ಬರೋದು ಹೋಗೋದು ಇದ್ದದ್ದೇ, ಹನ್ನೆರಡು ಗಂಟೆ ಪಾಳಿ ಮುಗಿಯುವ ಹೊತ್ತಿಗೆ ಯಾರಲ್ಲೂ ಜಾಸ್ತಿ ಉಳಿದಿರುವುದಿಲ್ಲ. ಹುಣ್ಣಿನ ಅಂಚು ನೋಡುವ ಕಣ್ಣು ಒಮ್ಮೆ ಬಂದರೆ ಹೋಗುವುದಿಲ್ಲ. ಇಂಥ ಕಾರಣ ಇಟ್ಟುಕೊಂಡು ಬಂದವರು ಈ ಕೆಲಸದಲ್ಲಿ ನಿಲ್ಲುತ್ತಾರೆ ಅಂತ ನನ್ನ ನಂಬಿಕೆ.

ಸೇರಿಸುವ ಮುನ್ನ ಕೆಲವು ವಿಷಯ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಸರ್ಕಾರಿ ಕೋಟಾದ ಸೀಟಿಗೆ ಈಗ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ನಡೆಸುವ ಸಿಇಟಿ ಬರೆಯಬೇಕು. ಕಾಲೇಜಿಗೆ ಭಾರತೀಯ ನರ್ಸಿಂಗ್ ಕೌನ್ಸಿಲ್, ರಾಜ್ಯ ನರ್ಸಿಂಗ್ ಕೌನ್ಸಿಲ್ ಎರಡರ ಮಾನ್ಯತೆ ಇದೆಯಾ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದೆಯಾ ಅಂತ ನೋಡಿ. ಎಲ್ಲಕ್ಕಿಂತ ಮುಖ್ಯ, ಕಾಲೇಜಿನದೇ ಆಸ್ಪತ್ರೆಗೆ ಒಂದು ಸಲ ನೀವೇ ಹೋಗಿ ಬನ್ನಿ. ಹಾಸಿಗೆಗಳಲ್ಲಿ ರೋಗಿಗಳು ಇದ್ದಾರಾ ಅಂತ ನೋಡಿ. ಬರೀ ಕಟ್ಟಡ ಇದ್ದು ರೋಗಿಗಳೇ ಇಲ್ಲದ ಕಡೆ ಮಕ್ಕಳು ಗೊಂಬೆಯ ಮೇಲಷ್ಟೇ ಕಲಿತು ಹೊರಗೆ ಬರುತ್ತಾರೆ.

ಕುಡ್ಲದಿಂದ ಮ್ಯಾಂಚೆಸ್ಟರ್

ನಾನು ಬಂದಿದ್ದು ದುಡ್ಡಿಗೆ. ಇದನ್ನು ಹೇಳೋಕೆ ನನಗೆ ಸಂಕೋಚ ಇಲ್ಲ.

ನಮ್ಮಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದರು. ಪಕ್ಕದ ಮನೆಯ ಅಕ್ಕ ನರ್ಸಿಂಗ್ ಮಾಡಿ ಕುವೈತ್‌ಗೆ ಹೋಗಿ, ತಮ್ಮಂದಿರನ್ನು ಓದಿಸಿ, ಹಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ ಕಟ್ಟಿಸಿದ್ದರು. ಆ ಮನೆ ನೋಡಿಯೇ ನಾನು ಸೇರಿದ್ದು. ನಮ್ಮ ಕರಾವಳಿಯಲ್ಲಿ ಎಷ್ಟೋ ಮನೆಗಳು ಎದ್ದು ನಿಂತಿದ್ದು ಹೀಗೆಯೇ ಅಲ್ವಾ.

ಕೆಲಸದ ಮೇಲೆ ಮನಸ್ಸು ಕೂತಿದ್ದು ಕೊನೆಯ ವರ್ಷದ ಪೋಸ್ಟಿಂಗ್‌ನಲ್ಲಿ. ವಯಸ್ಸಾದ ಒಬ್ಬ ಅಮ್ಮ ಬೆಳಗಿನ ಜಾವ ತೀರಿಕೊಂಡರು. ಕಡೆಯಲ್ಲಿ ಮೈ ಒರೆಸಿ, ಟ್ಯೂಬ್ ತೆಗೆದು, ಬಟ್ಟೆ ಹಾಕೋದು ನಮ್ಮ ಕೆಲಸ. ಜೊತೆಯಲ್ಲಿದ್ದ ಹಿರಿಯ ಸಿಸ್ಟರ್ ಪರದೆ ಎಳೆದರು, ನೀರು ಉಗುರುಬೆಚ್ಚಗಿದೆಯಾ ಅಂತ ಮೊಣಕೈ ಅದ್ದಿ ನೋಡಿದರು. ಆಮೇಲೆ ಆ ಅಮ್ಮನ ಹೆಸರು ಹಿಡಿದು "ಈಗ ಮುಖ ಒರೆಸ್ತೀವಿ ಅಮ್ಮಾ", "ಈಗ ಬಲಗಡೆ ತಿರುಗಿಸ್ತೀವಿ" ಅಂತ ಒಂದೊಂದನ್ನೂ ಹೇಳಿ ಹೇಳಿ ಮಾಡಿದರು. ಜೀವ ಇದ್ದಾಗ ಹೇಗೋ ಹಾಗೆಯೇ. ಕೂದಲು ಬಾಚಿ, ಮಗಳು ತಂದಿದ್ದ ಸೀರೆ ಉಡಿಸಿದ ಮೇಲೆ ಮನೆಯವರನ್ನು ಒಳಗೆ ಕರೆದರು. ಅಲ್ಲಿಯವರೆಗೂ ನನಗೆ ಇದು ಬರೀ ಕೆಲಸವಾಗಿತ್ತು.

ಈಗ ನಾನು ಇಲ್ಲಿ ವಯಸ್ಸಾದವರ ವಾರ್ಡಿನಲ್ಲಿದ್ದೇನೆ. ಇಲ್ಲಿಗೆ ಬರಲು ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ, ಆಮೇಲೆ ಬಂದ ಮೇಲೆ ಓಸ್ಕಿ ಅನ್ನೋ ಪ್ರಾಯೋಗಿಕ ಪರೀಕ್ಷೆ ಎಲ್ಲ ಪಾಸಾಗಬೇಕು. ಆ ದಾರಿ ತಂಗಿಗೂ ತೆರೆದಿದೆ. ದುಡ್ಡಿನ ಕಾರಣಕ್ಕೆ ಬರುವವರನ್ನು ಯಾರೂ ಕೀಳಾಗಿ ನೋಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಸಾಗರದ ಹುಡುಗಿ

ಎಲ್ಲರೂ ಆಸ್ಪತ್ರೆಯ ಒಳಗಿನದ್ದೇ ಹೇಳುತ್ತಿದ್ದೀರಿ. ನಾನು ನೋಡಿದ ನರ್ಸಮ್ಮ ಇದ್ದಿದ್ದು ಊರಿನ ದಾರಿಯಲ್ಲಿ.

ಮಂಗನ ಕಾಯಿಲೆ ನಮ್ಮ ಶಿವಮೊಗ್ಗ ಜಿಲ್ಲೆಯದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಪ್ರಪಂಚಕ್ಕೆಲ್ಲ ಅದು ಕ್ಯಾಸನೂರು ಹೆಸರಿನಲ್ಲೇ ಗೊತ್ತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಜೋರಾಗಿ ಬಂತು, ಜನ ತೀರಿಕೊಂಡರು. ಆಗ ನಾನು ಹೈಸ್ಕೂಲು. ನಮ್ಮ ಕಡೆ ಬರುತ್ತಿದ್ದ ನರ್ಸಮ್ಮ ಮನೆ ಮನೆಗೆ ಡಿಎಂಪಿ ಎಣ್ಣೆ ಕೊಡುತ್ತಿದ್ದರು. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚಿಕೊಂಡರೆ ಈ ಕಾಯಿಲೆ ಹರಡುವ ಉಣುಗು ಕಚ್ಚುವುದಿಲ್ಲ. ಬರೀ ಕೊಟ್ಟು ಹೋಗುತ್ತಿರಲಿಲ್ಲ. ಜ್ವರ ಯಾರಿಗಿದೆ ಅಂತ ಕೇಳಿ, ಆಮೇಲೆ "ದರಗು ತರೋಕೆ ಯಾವ ಬೆಟ್ಟಕ್ಕೆ ಹೋಗಿದ್ರಿ? ಅಲ್ಲಿ ಮಂಗ ಸತ್ತಿದ್ದು ಕಂಡ್ರಾ?" ಅಂತ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಜ್ವರ ಇದ್ದ ಮನೆಗಳವರೆಲ್ಲ ಒಂದೇ ಸೊಪ್ಪಿನ ಬೆಟ್ಟಕ್ಕೆ ಹೋದವರು ಅಂತ ನಮ್ಮ ಕೇರಿಯಲ್ಲಿ ಮೊದಲು ಹೇಳಿದ್ದು ಅವರೇ. ಅಮ್ಮ ಆ ವರ್ಷ ಆ ಬೆಟ್ಟಕ್ಕೆ ಹೋಗಲಿಲ್ಲ.

ಸೂಜಿ ಹಾಕದೆ, ಬೆಡ್ ಪಕ್ಕ ನಿಲ್ಲದೆ, ಒಂದು ಪುಸ್ತಕ ಪೆನ್ನು ಹಿಡಿದೂ ಜೀವ ಉಳಿಸಬಹುದು ಅಂತ ಕಂಡಿದ್ದು ಆಗ. ಈಗ ಬಿ.ಎಸ್ಸಿ. ಮುಗಿಸಿ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೇನೆ. ಬಿಪಿ, ಶುಗರ್ ನೋಡುವುದು, ಬಾಣಂತಿ ಮನೆಗೆ ಹೋಗುವುದು, ಲಸಿಕೆ. ರಾತ್ರಿ ಪಾಳಿ ಇಲ್ಲ. ಶಿರಾದ ಅಪ್ಪನವರಿಗೆ ಇದನ್ನೂ ಹೇಳಿ, ನರ್ಸಿಂಗ್ ಓದಿದರೆ ಇಂಥ ಕೆಲಸವೂ ಇದೆ.

ಶಿರಾದ ಅಕ್ಕ

ಇಷ್ಟು ಮಂದಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ತಂಗಿ ಎಲ್ಲವನ್ನೂ ಓದುತ್ತಿದ್ದಾಳೆ. ಹಾಸಿಗೆ ಹುಣ್ಣಿನ ವಿಷಯ ಎರಡು ಸಲ ಓದಿದಳು. ನಮ್ಮ ಮನೆಯಲ್ಲಿ ಗಟ್ಟಿಯಾಗಿ ಕೂತಿರೋದು ಮದುವೆಯ ಪ್ರಶ್ನೆ. ಮಗಳನ್ನು ನರ್ಸ್ ಮಾಡಿದ ಅಪ್ಪ ಅಮ್ಮ ಯಾರಾದರೂ ಇದ್ದರೆ ಹೇಳಿ.

ಮಂಡ್ಯದ ಅಪ್ಪ

ನಾನಿದ್ದೀನಿ ಕಣಮ್ಮ. ನಿಮ್ಮ ತಂದೆಯವರ ಹೆದರಿಕೆ ನನಗೆ ಅರ್ಥ ಆಗುತ್ತದೆ. ನನಗೂ ಇತ್ತು.

ನನ್ನ ಮಗಳು ಬೆಂಗಳೂರಿನಲ್ಲಿ ಡಯಾಲಿಸಿಸ್ ವಿಭಾಗದಲ್ಲಿದ್ದಾಳೆ. ಅವಳು ಈ ಕಡೆ ತಿರುಗಿದ್ದಕ್ಕೆ ನನ್ನ ತಮ್ಮನೇ ಕಾರಣ. ಅವನ ಕಿಡ್ನಿ ಎರಡೂ ಹೋಗಿ ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗುತ್ತಿತ್ತು. ಇವಳು ಚಿಕ್ಕಪ್ಪನ ಜೊತೆ ಹೋಗುತ್ತಿದ್ದಳು. ಡಯಾಲಿಸಿಸ್ ಸೂಜಿ ಹಾಕೋಕೆ ಅವನ ಕೈಯಲ್ಲಿ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ದರು. ಅಲ್ಲಿನ ಸಿಸ್ಟರ್ ಇವಳ ಬೆರಳು ಹಿಡಿದು ಅದರ ಮೇಲೆ ಇಟ್ಟು, ಒಳಗೆ ರಕ್ತ ಹರಿಯುವ ಗುಯ್ ಅನ್ನೋ ಕಂಪನ ಮುಟ್ಟಿಸಿದ್ದರು. "ದಿನಾ ಬೆಳಗ್ಗೆ ಮುಟ್ಟಿ ನೋಡು. ಇದು ನಿಂತುಹೋದರೆ ತಡ ಮಾಡದೆ ಕರೆದುಕೊಂಡು ಬಾ" ಅಂದಿದ್ದರು. ಒಂದು ದಿನ ಬೆಳಗ್ಗೆ ಅದು ನಿಂತಿತ್ತು. ಮೊದಲು ಕಂಡುಹಿಡಿದಿದ್ದು ನನ್ನ ಮಗಳು. ಅವತ್ತೇ ಕರೆದೊಯ್ದೆವು, ಫಿಸ್ಟುಲಾ ಉಳಿಯಿತು.

ಮದುವೆ ವಿಷಯ. ಬಂದ ಸಂಬಂಧಗಳಲ್ಲಿ ಕೆಲವರು ಕೆಲಸ ಬಿಡಬೇಕು ಅಂದರು. ಮಗಳು ಬೇಡ ಅಂದಳು, ನಾವೂ ಬೇಡ ಅಂದೆವು. ಆಮೇಲೆ ಕೆಲಸ ಗೊತ್ತಿರುವ, ಒಪ್ಪುವ ಹುಡುಗನೇ ಸಿಕ್ಕ. ಸ್ವಲ್ಪ ತಡ ಆಯಿತು, ನಿಜ. ನಾಚಿಕೆಪಡುವ ಕೆಲಸ ಅನ್ನೋ ಭಾವನೆ ನಮ್ಮ ಮನೆಯಲ್ಲಿ ಯಾವತ್ತೋ ಹೋಗಿದೆ. ಈಗ ನಮ್ಮ ಊರಲ್ಲಿ ಯಾರಿಗೆ ಏನಾದರೂ ಮೊದಲು ಫೋನ್ ಬರೋದು ಅವಳಿಗೆ.

ಅಣ್ಣನ ತಮ್ಮ

ನನ್ನ ಅಣ್ಣನಿಗೆ ಸ್ಕಿಜೋಫ್ರೇನಿಯಾ. ನಿಮ್ಹಾನ್ಸ್‌ನಲ್ಲಿ ಸೇರಿಸಿದಾಗ ಜೊತೆಗೆ ಇದ್ದವನು ನಾನು.

ಅಣ್ಣನಿಗೆ ಯಾರೋ ಬೈಯುವ ಧ್ವನಿ ಕೇಳಿಸುತ್ತಿತ್ತು. ಮನೆಯಲ್ಲಿ ನಾವು "ಯಾರೂ ಇಲ್ಲ, ಸುಮ್ನಿರು" ಅಂತ ಗದರುತ್ತಿದ್ದೆವು. ಅವನು ಇನ್ನೂ ಕೂಗಾಡುತ್ತಿದ್ದ. ಅಲ್ಲಿ ಒಂದು ರಾತ್ರಿ ಅವನು ಮೂಲೆಯಲ್ಲಿ ಕೂತು ಕಿವಿ ಮುಚ್ಚಿಕೊಂಡಿದ್ದ. ನರ್ಸ್ ಹತ್ತಿರ ಹೋದರು, ಜಾಸ್ತಿ ಹತ್ತಿರ ಅಲ್ಲ, ಒಂದು ಮಾರು ದೂರ. ಅವನ ಕಣ್ಣಿನ ಮಟ್ಟಕ್ಕೆ ಕೂತರು. "ನನಗೆ ಆ ಧ್ವನಿ ಕೇಳಿಸ್ತಿಲ್ಲ. ಆದ್ರೆ ನಿಮಗೆ ತುಂಬಾ ಭಯ ಆಗ್ತಿದೆ ಅಂತ ಕಾಣ್ತಿದೆ. ನಾನು ಇಲ್ಲೇ ಇರ್ತೀನಿ" ಅಂದರು. ಸುಳ್ಳು ಹೇಳಲಿಲ್ಲ, ಹೌದು ಹೌದು ಅಂತ ತಲೆಯಾಡಿಸಲೂ ಇಲ್ಲ, ಜಗಳಕ್ಕೂ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅಣ್ಣ ಕೈ ಕೆಳಗಿಳಿಸಿದ.

ಆಮೇಲೆ ನಾನು ಓದುವಾಗ ಗೊತ್ತಾಯಿತು, ಇದು ಕಲಿತು ಬರುವ ಮಾತು, ಪಠ್ಯದಲ್ಲೇ ಇದೆ. ಹುಟ್ಟಾ ಬಂದ ಗುಣ ಅಂದುಕೊಂಡಿದ್ದೆ. ಕಲಿಯಬಹುದು ಅಂತ ಗೊತ್ತಾದಾಗ ಆದ ಖುಷಿಯನ್ನು ಹೇಳೋಕೆ ಆಗುವುದಿಲ್ಲ. ಮನೋರೋಗ ಶುಶ್ರೂಷೆಯಲ್ಲೇ ಎಂ.ಎಸ್ಸಿ. ಮಾಡುತ್ತಿದ್ದೇನೆ.

ಒಳಲೆ ಅಮ್ಮ

ನಾನು ಪಿಯುಸಿ ಆರ್ಟ್ಸ್. ಮದುವೆಯಾಗಿ, ಮಗು ಹುಟ್ಟಿದ ಮೇಲೆ ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಸೇರಿದವಳು.

ಮಗಳು ತಿಂಗಳು ತುಂಬದೆ ಹುಟ್ಟಿದಳು, ತೂಕ 1,400 ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿದ್ದ ಮಗುವನ್ನು ಮುಟ್ಟಲು ನನಗೆ ಹೆದರಿಕೆ. ಸಿಸ್ಟರ್ ನನ್ನ ಕುಪ್ಪಸದ ಗುಂಡಿ ಬಿಚ್ಚಿಸಿ, ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಅಷ್ಟೇ ಹಾಕಿ, ಕಪ್ಪೆ ಕೂತ ಹಾಗೆ ಕಾಲು ಮಡಚಿ ನನ್ನ ಎದೆಯ ಮೇಲೆ ಮಲಗಿಸಿದರು. ತಲೆ ಒಂದು ಪಕ್ಕಕ್ಕೆ, ಮೂಗಿಗೆ ಗಾಳಿ ಆಡುವ ಹಾಗೆ. ಮೇಲಿಂದ ಬಟ್ಟೆ ಕಟ್ಟಿದರು. ಕಾಂಗರೂ ಆರೈಕೆ ಅನ್ನುತ್ತಾರೆ. ನನ್ನ ಮೈ ಬಿಸಿಯೇ ಮಗುವಿಗೆ ಬೇಕಿದ್ದ ಬಿಸಿ. ಚೀಪುವ ಶಕ್ತಿ ಬರುವವರೆಗೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿದೆವು. ತುಟಿಯ ಮೂಲೆಗೆ ಒಳಲೆಯ ಮೂತಿ ತಾಗಿಸಿ, ಹನಿ ಹನಿಯಾಗಿ, ಮಗು ನುಂಗಿದ್ದು ನೋಡಿಯೇ ಮುಂದಿನ ಹನಿ. ನಮ್ಮತ್ತೆ ಒಳಲೆ ನೋಡಿ "ಇದು ನಮ್ಮನೇಲೂ ಇದೆಯಲ್ಲ" ಅಂತ ಧೈರ್ಯ ತಂದುಕೊಂಡರು.

ಸೈನ್ಸ್ ಓದಿಲ್ಲ ಅಂತ ಕೈಬಿಡಬೇಡಿ ಅಂತ ಹೇಳೋಕೆ ಬರೆದೆ. ಜಿಎನ್‌ಎಂಗೆ ಯಾವ ವಿಭಾಗದ ಪಿಯುಸಿ ಆದರೂ ನಡೆಯುತ್ತದೆ. ಮುಂದೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಕೂಡ ಮಾಡಬಹುದು.

ಬಿಟ್ಟು ಬಂದವಳು

ನನ್ನದು ಬೇರೆ ಥರ. ಓದಲಿ ಅಂತ ಬರೆಯುತ್ತಿದ್ದೇನೆ, ಹೆದರಿಸೋಕೆ ಅಲ್ಲ.

2021ರಲ್ಲಿ ಅಮ್ಮನಿಗೆ ಕೋವಿಡ್ ಆಗಿ ಐಸಿಯುನಲ್ಲಿದ್ದರು. ಪಿಪಿಇ ಹಾಕಿದವರು ಯಾರು ಅಂತ ಗೊತ್ತಾಗಲಿ ಅಂತ ನರ್ಸ್‌ಗಳು ಎದೆಯ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದುಕೊಂಡಿದ್ದರು. ವಿಡಿಯೋ ಕಾಲ್‌ನಲ್ಲಿ ಅಮ್ಮನ ಮುಖಕ್ಕಿಂತ ಮೊದಲು ಕಾಣುತ್ತಿದ್ದುದು ಆ ಹೆಸರು. ಅಮ್ಮ ವಾಪಸ್ ಬಂದರು. ಆ ವರ್ಷವೇ ನಾನು ಸೇರಿದೆ.

ಓದು ಮುಗಿಸಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ವೆಂಟಿಲೇಟರ್ ಮೇಲಿರುವ ಒಬ್ಬರಿಗೆ ಒಬ್ಬ ನರ್ಸ್ ಇರಬೇಕು ಅಂತ ಓದಿದ್ದೆವು. ಅಲ್ಲಿ ನನಗೆ ಮೂವರನ್ನು ಕೊಡುತ್ತಿದ್ದರು. ಒಬ್ಬರ ಕಫ ತೆಗೆಯುವಾಗ ಇನ್ನೊಬ್ಬರ ಅಲಾರಂ. ಮೂಲ ಅಂಕಪಟ್ಟಿಗಳನ್ನು ಸೇರುವಾಗಲೇ ಇಸಿದುಕೊಂಡಿದ್ದರು, ಬಿಡುತ್ತೇನೆ ಅಂದಾಗ ಕೊಡಲು ಸತಾಯಿಸಿದರು. ಈಗ ನಾನು ಆಸ್ಪತ್ರೆಯಲ್ಲಿಲ್ಲ. ಕೆಲಸದ ಮೇಲಿನ ಪ್ರೀತಿ ಹೋಗಿಲ್ಲ. ಆ ಪರಿಸ್ಥಿತಿಯಲ್ಲಿ ಒಳ್ಳೆಯ ನರ್ಸ್ ಆಗಿರಲು ಆಗಲಿಲ್ಲ ಅಷ್ಟೇ. ತಂಗೀ, ಮೂಲ ದಾಖಲೆ ಯಾರ ಕೈಗೂ ಕೊಡಬೇಡ. ಜೆರಾಕ್ಸ್ ಕೊಡು, ಮೂಲವನ್ನು ತೋರಿಸಿ ವಾಪಸ್ ತೆಗೆದುಕೋ.

ನಿವೃತ್ತ ಟ್ಯೂಟರ್

ಮಗಳೇ, ನೀನು ಬರೆದಿದ್ದು ಈ ಚರ್ಚೆಗೆ ಬಹಳ ಬೇಕಿತ್ತು. ಹೋಗಬೇಕಾದವರು ಹೋಗಲಿಲ್ಲ, ಉಳಿಯಬೇಕಾದ ನಿನ್ನಂಥವಳು ಹೋಗಬೇಕಾಯಿತು. ನರ್ಸ್‌ಗಳ ನೇಮಕಾತಿಗೆ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆ, ನಮ್ಮ ರಾಜ್ಯದ ಶುಶ್ರೂಷಾಧಿಕಾರಿ ನೇಮಕಾತಿ, ಎರಡನ್ನೂ ಗಮನಿಸುತ್ತಿರು. ನಿನಗೆ ಇನ್ನೂ ವಯಸ್ಸಿದೆ.

ಬಯಲುಸೀಮೆ

ಪಾವಗಡ ಕಡೆಯವಳು ನಾನು. ನಮ್ಮ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅವರ ಹೆಸರು ಇಲ್ಲಿ ಯಾರೂ ಹೇಳಲಿಲ್ಲವಲ್ಲ ಅಂತ ಬರೆದೆ. ಶಾಲೆಗೆ ಹೋಗದ ಹೆಂಗಸು, ಸಾವಿರಾರು ಹೆರಿಗೆ ಮಾಡಿಸಿದವರು, ಯಾರ ಹತ್ತಿರವೂ ದುಡ್ಡು ಮುಟ್ಟಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಆ ವರ್ಷದ ಡಿಸೆಂಬರ್‌ನಲ್ಲೇ ತೀರಿಕೊಂಡರು. ಅವರಿಗೆ ಪದ್ಮಶ್ರೀ ಬಂದ ದಿನ ನಮ್ಮಜ್ಜಿ, ಅವರೂ ಹೆರಿಗೆ ಮಾಡಿಸುತ್ತಿದ್ದವರು, ಟಿವಿ ಮುಂದಿನಿಂದ ಏಳಲಿಲ್ಲ.

ಅಜ್ಜಿಯ ಕೈಯಲ್ಲಿದ್ದ ವಿದ್ಯೆಗೆ ಓದು ಸೇರಿಸಬೇಕು ಅಂತ ನಾನು ಬಂದೆ. ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ ಅಂತ ಎಣಿಸೋದು ಅಜ್ಜಿಗೂ ಗೊತ್ತಿತ್ತು, ನನಗೂ ಗೊತ್ತು. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟರೆ ರಕ್ತಸ್ರಾವದ ಅಪಾಯ ಎಷ್ಟೋ ಕಡಿಮೆಯಾಗುತ್ತದೆ ಅನ್ನೋದು ಅಜ್ಜಿಗೆ ಗೊತ್ತಿರಲಿಲ್ಲ. ಆ ರಕ್ತಸ್ರಾವಕ್ಕೇ ಅಜ್ಜಿ ತನ್ನ ಸ್ವಂತ ತಂಗಿಯನ್ನು ಕಳೆದುಕೊಂಡಿದ್ದರು. ನರ್ಸ್ ಆದವರಿಗೆ ಈಗ ಮಿಡ್‌ವೈಫರಿಯಲ್ಲಿ, ಅಂದರೆ ಹೆರಿಗೆ ಆರೈಕೆಯಲ್ಲಿ, 18 ತಿಂಗಳ ತರಬೇತಿ ಇದೆ. ನನ್ನ ಕಣ್ಣು ಅದರ ಮೇಲಿದೆ.

ಸೆಕೆಂಡ್ ಪಿಯುಸಿ

ನಾನೂ ನರ್ಸಿಂಗ್ ಮಾಡಬೇಕು ಅಂತಿದ್ದೇನೆ. ಒಂದೇ ಹೆದರಿಕೆ. ರಕ್ತ ನೋಡಿದರೆ ತಲೆ ಸುತ್ತಿ ಬೀಳುತ್ತೇನೆ. ಇಂಥವರಿಗೆ ಆಗುತ್ತಾ?

ಹುಬ್ಬಳ್ಳಿ ಬ್ರದರ್

ಆಗುತ್ತೆ ತಂಗೀ. ನನ್ನ ಬ್ಯಾಚಿನಲ್ಲಿ ಹಾಗೆ ಬಿದ್ದವರು ಇದ್ದರು, ಈಗ ಆಪರೇಷನ್ ಥಿಯೇಟರ್‌ನಲ್ಲೇ ಕೆಲಸ ಮಾಡುತ್ತಿದ್ದಾರೆ. ರಕ್ತ ಕಂಡಾಗ ಕೆಲವರ ಬಿಪಿ, ನಾಡಿ ಒಮ್ಮೆಗೇ ಇಳಿಯುತ್ತದೆ, ಅದಕ್ಕೇ ಬೀಳೋದು. ಅದು ಪುಕ್ಕಲುತನ ಅಲ್ಲ, ಮೈಯ ಗುಣ.

ಒಂದು ಅಭ್ಯಾಸ ಇದೆ. ಕುರ್ಚಿಯಲ್ಲಿ ಕೂತು ತೊಡೆ, ಕೈ, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡ್ ಬಿಗಿಹಿಡಿ, ಮುಖ ಬೆಚ್ಚಗಾಗುವವರೆಗೆ. ಆಮೇಲೆ ಅರ್ಧ ನಿಮಿಷ ಬಿಡು. ಹೀಗೆ ಐದು ಸಲ. ಬಿಪಿ ಇಳಿಯದಂತೆ ಇದು ತಡೆಯುತ್ತದೆ. ದಿನಾ ಮಾಡುತ್ತಾ ಇರು. ಆಮೇಲೆ ಫೋಟೋ, ವಿಡಿಯೋ ನೋಡುವಾಗ ಮಾಡು. ವಾರ್ಡಿಗೆ ಹೋಗುವ ದಿನ ತಿಂಡಿ ತಿಂದು, ನೀರು ಕುಡಿದು ಹೋಗು. ಜೊತೆಗಿರುವ ಸಿಸ್ಟರ್‌ಗೆ ಮೊದಲೇ ಹೇಳಿಡು. ಗೋಡೆ ಹತ್ತಿರ ನಿಂತುಕೋ, ಮೊಣಕಾಲು ಬಿಗಿಯಾಗಿ ಲಾಕ್ ಮಾಡಿ ನಿಲ್ಲಬೇಡ. ಕಣ್ಣು ಕತ್ತಲೆ ಬಂದ ಕೂಡಲೇ ಅಲ್ಲೇ ನೆಲದ ಮೇಲೆ ಕೂತುಬಿಡು. ಇಷ್ಟಾದರೂ ಪದೇ ಪದೇ ಬೀಳುತ್ತಿದ್ದರೆ ಒಮ್ಮೆ ಡಾಕ್ಟರ್‌ಗೆ ತೋರಿಸು, ರಕ್ತ ಕಡಿಮೆ ಇದೆಯಾ ಅಂತಲೂ ನೋಡಿಸು.